ಮೊಂಡು ಬಾಲದ ಬೆಕ್ಕಿನ ವಂಶಾವಳಿ

ನಮ್ಮ ಓಣಿಯ ಬೆಕ್ಕುಗಳನ್ನು ನೋಡಲು ಜನ ಟಿಕೆಟ್ ತೆಗೆದುಕೊಂಡು ಬರುತ್ತಾರೆ. ನನಗೆ ಮೈ ಉರಿಯುತ್ತದೆ. ಗೋಳಗುಮ್ಮಟದಲ್ಲಿ ಕೂಗಿ ಕೂಗಿ ಬೇಸತ್ತವರು ಭಾನುವಾರ ಬೆಳಿಗ್ಗೆ ಇಲ್ಲಿಗೆ ಬರುತ್ತಾರೆ, ಮೀನಿನ ತಲೆ ಕಚ್ಚಿಕೊಂಡು ಕೂತ ಬೆಕ್ಕಿಗೆ ಕೈ ಮುಗಿಯುವುದೊಂದು ಬಾಕಿ. ಮುಂದೆ ಕೊರಳಿಗೆ ಮೈಕ್ ಕಟ್ಟಿಕೊಂಡ ಗೈಡ್, ಹಿಂದೆ ಮೊಬೈಲು ಎತ್ತಿ ಹಿಡಿದ ಹಿಂಡು.

ಎರಡು ತಿಂಗಳ ಹಿಂದೆ ಆ ಗೈಡ್ ನನ್ನ ಕಟ್ಟೆಗೆ ಬಂದಿದ್ದ. “ಸರ್, ಈ ಓಣಿ ಬೆಕ್ಕಿನ ಇತಿಹಾಸ ಏನರ ಗೊತ್ತದ ಏನ್ರಿ?”

ಬಬಲೇಶ್ವರದ ಶಾಲೆಯಲ್ಲಿ ಜೀವನವಿಡೀ ಇತಿಹಾಸ ಕಲಿಸಿದವನನ್ನು ಕೇಳುವ ಪ್ರಶ್ನೆಯೇ ಅದು? ಗೋಡೆಯ ಮೇಲೆ ಮೊಂಡು ಬಾಲದ ಬೂದು ಬೆಕ್ಕು ಮಲಗಿತ್ತು. ಅದರ ಬಾಲ ಹೋದದ್ದು ನಮ್ಮ ಅಡುಗೆಮನೆಯ ಬಾಗಿಲಿಗೆ ಸಿಕ್ಕು.

“ಬಾದಶಹನ ಬೆಕ್ಕಿನ ವಂಶದ್ದಪಾ. ಅರಮನಿ ಗುರುತಂತ ಬಾಲ ಕತ್ತರಸ್ತಿದ್ರು. ಈಗ ಮರಿನೂ ಮೊಂಡನ ಹುಟ್ಟತಾವ,” ಎಂದೆ.

ಮೂರ್ಖ ಬರೆದುಕೊಂಡ. ನಾನು ವಾರವಿಡೀ ಅದನ್ನು ನೆನೆದು ಒಬ್ಬನೇ ನಕ್ಕೆ.

ಈಚೆಗೆ ಅದೇ ಬೆಕ್ಕು ಪಕ್ಕದ ಮನೆಯ ಚಾಚಿಯ ಕಟ್ಟಿಗೆ ಮೂಲೆಯಲ್ಲಿ ಮರಿ ಹಾಕಿತು. ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದೆಂದು ನಮ್ಮ ಓಣಿಯಲ್ಲಿ ಎಲ್ಲರ ನಂಬಿಕೆ. ಅದಕ್ಕೇ ಆ ದಿನಗಳಲ್ಲಿ ಯಾರೂ ಬಾಗಿಲಿಗೆ ಚಿಲಕ ಹಾಕುವುದಿಲ್ಲ. ಮರಿಗಳನ್ನು ಯಾರೂ ಮುಟ್ಟುವುದಿಲ್ಲ, ಮಕ್ಕಳು ಕೂಡ.

ಮುಟ್ಟಿದವರು ಟಿಕೆಟ್ ತೆಗೆದುಕೊಂಡು ಬಂದ ಈ ವಿದ್ಯಾವಂತರು. ಚಾಚಿ ನೀರಿಗೆ ಹೋದಾಗ ತೆರೆದ ಬಾಗಿಲು ಕಂಡು ನುಗ್ಗಿ, ಅರಮನೆಯ ಬಾಲ ಹುಡುಕಲು ಒಂದೊಂದು ಮರಿಯನ್ನೂ ಎತ್ತಿ ತಿರುಗಿಸಿ ನೋಡಿದರು. ನಾಲ್ಕಕ್ಕೂ ಉದ್ದ ಬಾಲ. ಒಂದನ್ನಂತೂ ಕೈಯಿಂದ ಕೈಗೆ ದಾಟಿಸಿ ಫೋಟೊ ತೆಗೆದರು. ನಾನು ಓಡಿ ಹೋಗಿ ಬಾಯಿಗೆ ಬಂದಂತೆ ಬೈದೆ.

“ನೀವ ಹೇಳಿದ್ರಲ್ರಿ ಸರ್,” ಎಂದ ಗೈಡ್. ಪಾಪ, ಅವನಿಗೆ ನನ್ನ ಮೇಲೆ ಇನ್ನೂ ಗೌರವವಿತ್ತು.

ಸಂಜೆ ಬೆಕ್ಕು ಮೂರು ಮರಿಗಳನ್ನು ಕಚ್ಚಿಕೊಂಡು ಹೋಯಿತು. ಎಲ್ಲರ ಕೈ ದಾಟಿದ್ದ ಆ ನಾಲ್ಕನೆಯದಕ್ಕೆ ಮರಳಿ ಬರಲಿಲ್ಲ. ಮರುದಿನ ನೋಡಿದರೆ ಚಾಚಿ ಹತ್ತಿಯ ಬತ್ತಿ ಅದ್ದಿ ಅದರ ಬಾಯಿಗೆ ಹಾಲು ಹಿಂಡುತ್ತ ಕೂತಿದ್ದರು. ಅರ್ಧ ಹೊರಗೇ ಸೋರುತ್ತಿತ್ತು.

“ಮಾಸ್ತರ, ಆ ಬಾಲದ ಕಥಿ ಅವರಿಗೆ ಯಾರ ಹೇಳ್ಯಾರ್ರಿ?”

“ಯಾವನೋ ತಲಿಕೆಟ್ಟಾಂವ ಹೇಳಿರಬೇಕ ಬಿಡ್ರಿ.”

“ಅಂವ ಸಿಗಲಿ. ಇದನ್ನ ಅವನ ಕೈಯಾಗ ಇಟ್ಟ, ಇನ್ನ ನೀನ ಬದುಕಸಪಾ ಅಂತೀನಿ.”

ಹಾಲು ಆರಿತ್ತು. ಬಿಸಿ ಮಾಡಲು ಎದ್ದವರು, “ಒಂದೀಟ ಹಿಡೀರಿ,” ಎಂದು ಮರಿಯನ್ನು ನನ್ನ ಅಂಗೈಯಲ್ಲಿಟ್ಟು ಒಳಗೆ ಹೋದರು. ಅದಿನ್ನೂ ಕಣ್ಣು ಬಿಟ್ಟಿರಲಿಲ್ಲ. ನನ್ನ ಹೆಬ್ಬೆರಳನ್ನು ಚೀಪತೊಡಗಿತು.