ಮಾಣಿಕಪ್ಪನ ಲಾರಿ ಖಾಲಿ ನಿಂತ ಕಾರಣ

ಮಾಣಿಕಪ್ಪ, ನಿನಗೆ ಸಿಗಬೇಕಿದ್ದ ಪರಿಹಾರವನ್ನು ಅರ್ಧಕ್ಕೆ ಇಳಿಸಿದವನು ನಾನು. ತಿಳಿಯದೆ ಇಳಿಸಲಿಲ್ಲ. ನಿನ್ನ ಲಾರಿ ಯಾಕೆ ಖಾಲಿ ನಿಂತಿತ್ತು ಎಂಬುದು ಅಂದು ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ಒಬ್ಬರು ವೀರಶೆಟ್ಟಿ ಸಾವಕಾರರು. ಇನ್ನೊಬ್ಬ — ನಾನು.

ಓದುವವರಿಗಾಗಿ ನಡೆದದ್ದನ್ನು ಹೇಳುತ್ತೇನೆ. ಹುಮನಾಬಾದಿನಲ್ಲಿ ಬೇಳೆ ಮಿಲ್ಲು ನಡೆಸುವ ವೀರಶೆಟ್ಟಿಯವರು ಮಂಠಾಳದ ಮಾಣಿಕಪ್ಪನ ಲಾರಿಯನ್ನು ತೊಗರಿ ಸೀಸನ್ ಮುಗಿಯುವವರೆಗೆ ಬಾಡಿಗೆಗೆ ಗೊತ್ತು ಮಾಡಿದ್ದರು. ಬೇರೆಯವರ ಮಾಲು ಹೇರುವಂತಿಲ್ಲ ಎಂದು ಮಾತು. ನಡುವೆ ಹೊರಗಿನ ಲಾರಿಗಳ ಬಾಡಿಗೆ ಇಳಿಯಿತು. ಸಾವಕಾರರು "ನಾಳಿಂದ ಬರಬ್ಯಾಡಪಾ" ಎಂದುಬಿಟ್ಟರು.

ನಮ್ಮಲ್ಲಿ ಇಂಥ ಜಗಳ ಕೋರ್ಟಿಗೆ ಹೋಗುವುದು ಕಡಿಮೆ. ಇಬ್ಬರೂ ಒಪ್ಪಿದ ಒಬ್ಬರನ್ನು ಲಾರಿ ಮಾಲೀಕರ ಸಂಘದ ಕೋಣೆಯಲ್ಲಿ ಕೂರಿಸುತ್ತಾರೆ. ಅವರು ಹೇಳಿದ್ದೇ ಕೊನೆ. ಬಸವಕಲ್ಯಾಣದ ವರದಿಗಾರನಾದ ನನ್ನನ್ನು ಕರೆದರು.

"ಸರ ಯಾರ ಚಹಾನೂ ಕುಡ್ಯಂಗಿಲ್ರಿ, ಅವರೇ ಹೇಳ್ಲಿ" ಎಂದರು ಯಾರೋ.

"ಕುಡದ್ರೂ ರೊಕ್ಕ ತಾವೇ ಕೊಡ್ತಾರ" ಎಂದು ಸಾವಕಾರರು ನಗಿಸಿದರು.

ನಾನು ಹಿಡಿದ ಕ್ರಮ ಸರಿಯಾಗಿತ್ತು — ಇಂದಿಗೂ ಹಾಗೆಯೇ ಹೇಳುತ್ತೇನೆ. ಮಾತು ಉಳಿದಿದ್ದರೆ ಬರುತ್ತಿದ್ದ ಬಾಡಿಗೆಯನ್ನು ಮೊದಲು ನೋಡಬೇಕು. ಮಾತು ಮುರಿದ ಮೇಲೆ ಲಾರಿ ಬೇರೆಡೆ ದುಡಿದದ್ದನ್ನು, ಮನಸ್ಸು ಮಾಡಿದ್ದರೆ ದುಡಿಯಬಹುದಾಗಿದ್ದನ್ನು ಅದರಲ್ಲಿ ಕಳೆಯಬೇಕು. ಉಳಿದದ್ದು ನಷ್ಟ. ಹಾಗಾಗಿ ಎಲ್ಲವೂ ಒಂದೇ ಪ್ರಶ್ನೆಗೆ ಬಂದು ನಿಂತಿತು: ನೀನು ಬೇರೆ ಬಾಡಿಗೆ ಹುಡುಕಿದ್ದೆಯೋ ಇಲ್ಲವೋ?

"ಗಾಡಿ ಮನಿ ಮುಂದ ನಿಂದರಿಸಿ ಮಕ್ಕೊಂಡಾನ್ರಿ. ಅದಕ್ಕೂ ನಾನೇ ಬಾಡಿಗಿ ಕೊಡ್ಲೇನು?" ಎಂದರು ಸಾವಕಾರರು.

"ಎಲ್ಲಾ ಕಡಿ ಕೇಳೇನ್ರಿ ಸರ" ಎಂದೆ ನೀನು. "ಯಾರೂ ಮಾಲ್ ಕೊಡವಲ್ರು. ಯಾಕಂತ ಗೊತ್ತಿಲ್ರಿ."

ನನಗೆ ಗೊತ್ತಿತ್ತು. ನಿನ್ನನ್ನು ಬಿಡಿಸಿದ ಹೊಸತರಲ್ಲಿ ತೊಗರಿ ದರದ ಸುದ್ದಿಗೆಂದು ಮಿಲ್ಲಿಗೆ ಹೋದಾಗ, ಸಾವಕಾರರು ನನ್ನೆದುರೇ ಟ್ರಾನ್ಸ್‌ಪೋರ್ಟಿನವರಿಗೆ ಒಬ್ಬರಾದ ಮೇಲೊಬ್ಬರಿಗೆ ಫೋನ್ ಮಾಡಿದ್ದರು. "ಮಾಣಿಕ್ಯಾನ ಗಾಡಿಗಿ ಮಾಲ್ ಹಾಕಬ್ಯಾಡ್ರಿ. ನಿಂತು ನಿಂತು ಸಾಕಾಗಿ ಅರ್ಧ ಬಾಡಿಗಿಗಿ ತಾನೇ ಬರ್ತಾನ." ಆಮೇಲೆ ನನ್ನ ಕಡೆ ತಿರುಗಿ, "ಸರ, ಇದು ಪೇಪರಿಗಲ್ಲ ಮತ್ತ" ಎಂದರು. ನಾನು ಹೂಂ ಎಂದೆ.

ಪೇಪರಿಗಲ್ಲ ಎಂದದ್ದನ್ನು ನಾನು ಎಂದೂ ಹೊರಗೆ ಆಡಿದವನಲ್ಲ. ನನ್ನ ಹೆಸರು ನಿಂತಿದ್ದೇ ಆ ನಿಯಮದ ಮೇಲೆ. ಅಂದೂ ಅದನ್ನೇ ಪಾಲಿಸಿದೆ — ಮಿಲ್ಲಿನಲ್ಲಿ ಕೇಳಿದ್ದನ್ನು ಕೇಳಿಯೇ ಇಲ್ಲ ಎಂಬಂತೆ. ಆದರೆ ಆ ಕೋಣೆಯಲ್ಲಿ ಯಾರೂ ನನ್ನಿಂದ ಸುದ್ದಿ ಕೇಳುತ್ತಿರಲಿಲ್ಲ, ನ್ಯಾಯ ಕೇಳುತ್ತಿದ್ದರು. ನಾನು ಈ ಜಾಗದಲ್ಲಿ ಕೂರಲಾರೆ ಎಂದು ಎದ್ದು ಬರಬಹುದಿತ್ತು. ಅದರಿಂದ ಯಾರಿಗೆ ಕೊಟ್ಟ ಮಾತೂ ಮುರಿಯುತ್ತಿರಲಿಲ್ಲ. ಏಳಲಿಲ್ಲ. ಎಲ್ಲರೂ ನಂಬಿ ಕೂರಿಸಿದ ಆ ಕುರ್ಚಿ — ಹಿತವಾಗಿತ್ತು.

"ಹುಡುಕಿದ್ದಕ್ಕೆ ಸಾಕ್ಷಿ ಇಲ್ಲ" ಎಂದು ಹೇಳಿ ಅರ್ಧ ಕಳೆದೆ. ನೀನು ಕೈಮುಗಿದು ಹೋದೆ. ಕಂತು ಕಟ್ಟಲಾಗದೆ ಲಾರಿ ಫೈನಾನ್ಸಿನವರ ಪಾಲಾಯಿತು.

ಹೋದ ವಾರ ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ ನೀನು ಸಿಕ್ಕೆ. ಈಗ ಇನ್ನೊಬ್ಬರ ಲಾರಿ ಓಡಿಸುತ್ತಿದ್ದೀಯಂತೆ. ನಾನೇನೂ ಕೇಳಿರಲಿಲ್ಲ, ನೀನೇ ಹೇಳಿದೆ: "ನೀವು ಬರೋಬ್ಬರಿನೇ ಹೇಳೀರಿ ಸರ. ನಾನೇ ಇನ್ನಾ ನಾಕ್ ಕಡಿ ತಿರಗಬೇಕಾಗಿತ್ತು. ನಮ್ಮಾಕಿ ಈಗೂ ಅಂತಾಳ್ರಿ, ಮಕ್ಕೊಂಡು ಗಾಡಿ ಕಳದಿ ಅಂತ." ಹೇಳಿ ನಕ್ಕೆ.

ಲಾರಿ ಹೋದದ್ದಕ್ಕಿಂತ ಇದು ದೊಡ್ಡದು. ಸಾವಕಾರರು ಹೊರಿಸಿದ ಸುಳ್ಳನ್ನು ನನ್ನ ತೀರ್ಪು ನಿಜ ಮಾಡಿತು, ನೀನೂ ಅದನ್ನೇ ನಂಬಿಕೊಂಡೆ.

ಸಾವಕಾರರಿಗೆ ಕೊಟ್ಟ ಮಾತನ್ನು ಮುರಿಯುತ್ತೇನೆಂದು ಅವರಿಗೇ ತಿಳಿಸಿದ್ದೇನೆ. ಮಾಲೀಕರನ್ನೆಲ್ಲ ಅದೇ ಕೋಣೆಗೆ ಕರೆದು, ಅವರೆದುರೇ ಎಲ್ಲ ಹೇಳುತ್ತೇನೆ. ಆಮೇಲೆ ಅವರು ನನ್ನನ್ನು ಏನು ಮಾಡಿದರೂ ಸರಿ. ಆದರೆ ಮೊದಲು ಹೋಗಬೇಕಾದದ್ದು ಅಲ್ಲಿಗಲ್ಲ. ನಾಳೆ ಮಂಠಾಳಕ್ಕೆ ಬರುತ್ತೇನೆ, ಮಾಣಿಕಪ್ಪ. ನಿನ್ನ ಹೆಂಡತಿಯನ್ನು ಹೊರಗೆ ಕರೆ. ನೀನು ಮಲಗಿರಲಿಲ್ಲ ಎಂದು ಆಕೆಗೆ ನಾನೇ ಹೇಳಬೇಕು.