ಸೋಲಲಿಕ್ಕೂ ಅನುಕೂಲ ಬೇಕು

ಬೆಳಿಗ್ಗೆ ಅಂಗಡಿ ತೆರೆದು, ದೇವರ ಫೋಟೋಕ್ಕೆ ಊದಿನಕಡ್ಡಿ ಹಚ್ಚಿ, ನಾನು ಮಾಡಿದ ಮೊದಲ ಕೆಲಸವೆಂದರೆ ಟೆನಿಸ್ ಚೆಂಡಿನ ಹೊಸ ಡಬ್ಬಿಯೊಂದನ್ನು ತೆರೆದದ್ದು. ಮುಚ್ಚಳದ ಉಂಗುರ ಎಳೆದರೆ ಠುಸ್ಸೆಂದು ಗಾಳಿ ಹೊರಬೀಳುತ್ತದೆ, ಅದರ ಹಿಂದೆಯೇ ಹೊಸ ರಬ್ಬರಿನ ಒಂದು ವಾಸನೆ. ಕುಂದಗೋಳದಲ್ಲಿ ನನ್ನದು ಬೀಜ ಮತ್ತು ಗೊಬ್ಬರದ ಅಂಗಡಿ. ಯೂರಿಯಾ, ಕೀಟನಾಶಕಗಳ ನಡುವೆ ಕೂತು ಕೂತು ನನ್ನ ಮೂಗು ಹೆಚ್ಚುಕಡಿಮೆ ರಾಜೀನಾಮೆ ಕೊಟ್ಟಿದೆ. ಆದರೂ ಈ ಒಂದು ವಾಸನೆ ಅದಕ್ಕೆ ತಪ್ಪದೆ ಗೊತ್ತಾಗುತ್ತದೆ. ಗೊಬ್ಬರದ ಅಂಗಡಿಯಲ್ಲಿ ಟೆನಿಸ್ ಚೆಂಡಿಗೇನು ಕೆಲಸ ಎಂದು ನೀವು ಕೇಳುತ್ತೀರಿ. ಕೇಳಲೆಂದೇ ಇಷ್ಟು ಹೇಳಿದೆ.

ನನ್ನ ಅಣ್ಣ ಯರಗುಪ್ಪಿಯಲ್ಲಿ ಹೊಲಮನೆ ನೋಡಿಕೊಂಡಿದ್ದಾನೆ. ಅವನ ಹಿರಿಯ ಮಗಳು ನೀಲಾಂಬಿಕಾ, ಮನೆಯವರ ಬಾಯಲ್ಲಿ ನೀಲವ್ವ. ಆಕೆ ಸಣ್ಣ ಹುಡುಗಿಯಾಗಿದ್ದಾಗ ಹುಬ್ಬಳ್ಳಿಯ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಬ್ಯಾಟು ಕಂಡೆ. ಬ್ಯಾಡ್ಮಿಂಟನ್ನಿನದೇ ಇರಬೇಕು, ಸ್ವಲ್ಪ ಗಟ್ಟಿಮುಟ್ಟಾಗಿದೆ ಎಂದುಕೊಂಡು ತಂದುಕೊಟ್ಟೆ. ಮೊದಲ ಏಟಿಗೇ ಶಟಲ್ ಕಾಕಿನ ಪುಕ್ಕ ಕಿತ್ತು ಅಂಗಳದ ತುಂಬ ಹಾರಿತು. ಬಾಜು ಮನೆಯ ಮಾಸ್ತರರು ಬ್ಯಾಟನ್ನು ತಿರುಗಿಸಿ ನೋಡಿ, “ಇದು ಟೆನಿಸ್ ರ‍್ಯಾಕೆಟ್ ಐತ್ರಿ” ಎಂದರು. ನಮ್ಮ ಕಡೆ ಟೆನಿಸ್ ಚೆಂಡೆಂದರೆ ಹುಡುಗರು ಕ್ರಿಕೆಟ್ ಆಡುವ ಚೆಂಡು. ಆ ಹೆಸರಿನ ಬೇರೆ ಆಟವೇ ಒಂದಿದೆ ಎಂಬುದು ನನಗೂ ಅವತ್ತೇ ಸರಿಯಾಗಿ ತಲೆಗೆ ಹೋದದ್ದು.

ಆಡಲು ಜಾಗ ಕೊಟ್ಟವಳು ನನ್ನ ಅವ್ವ, ಅಂದರೆ ನೀಲವ್ವನ ಆಯಿ. ಮನೆಯ ಹಿಂದೆ ನಮ್ಮ ಕಣವಿತ್ತು. ಜೋಳ, ಕಡಲೆ ಒಕ್ಕಲು ಬಡಿದು, ಸೆಗಣಿ ಸಾರಿಸಿ ಹದ ಮಾಡಿದ ಎರೆನೆಲ. ಈಗ ರಾಶಿ ಮಾಡುವ ಯಂತ್ರ ಹೊಲಕ್ಕೇ ಬರುತ್ತದೆ, ಕಣಕ್ಕೆ ಕೆಲಸವಿಲ್ಲ. ಅಲ್ಲಿಯೂ ಬಿತ್ತೋಣವೆಂದು ಅಣ್ಣ ನೇಗಿಲು ಹೊಡೆಯಲು ಹೊರಟಾಗ ಅವ್ವ ಅಡ್ಡ ನಿಂತಳು. “ಹುಡುಗಿ ಆಡಾಕತ್ತೈತಿ, ಆಡ್ಲಿ ಬಿಡು. ಆದ್ರ ಕಣದಾಗ ಕಾಲ್ಮರಿ ಹಾಕ್ಕೊಂಡು ಇಳೀಬಾರದು” ಎಂದಳು. ಕಾಳು ಬೀಳುವ ನೆಲವನ್ನು ಚಪ್ಪಲಿಯಲ್ಲಿ ತುಳಿಯಬಾರದೆಂಬುದು ಅವಳ ನೇಮ. ಹೀಗೆ ನೀಲವ್ವ ಬರಿಗಾಲಲ್ಲಿ ಆಡಿದಳು. ಎರೆನೆಲ ನಿಮಗೆ ಗೊತ್ತಲ್ಲ, ಎಷ್ಟು ಸಾರಿಸಿದರೂ ಬೇಸಿಗೆ ಬಂತೆಂದರೆ ಬಾಯಿ ಬಿಡುತ್ತದೆ. ಬಿರುಕಿನ ಮೇಲೆ ಬಿದ್ದ ಚೆಂಡು ಎತ್ತ ಹೋಗುತ್ತದೆಂದು ಆ ಚೆಂಡಿಗೂ ತಿಳಿಯದು. ಆದ್ದರಿಂದ ಈ ಹುಡುಗಿ ಪುಟಿತವನ್ನು ನಂಬುವುದನ್ನೇ ಬಿಟ್ಟು, ಮುಂದೆ ಓಡಿಬಂದು, ಚೆಂಡು ನೆಲ ಮುಟ್ಟುವ ಮೊದಲೇ ಹೊಡೆಯುವುದನ್ನು ರೂಢಿಸಿಕೊಂಡಳು.

ಮುಂದೆ ಹುಬ್ಬಳ್ಳಿಯಲ್ಲಿ ನಿವೃತ್ತ ಕೋಚ್ ಒಬ್ಬರು ಆಕೆಯನ್ನು ಫೀ ಇಲ್ಲದೆ ಸೇರಿಸಿಕೊಂಡರು. ಬೆಳಗಿನ ರೈಲಿಗೆ ಹೋಗಿ ಕಲಿತು ಬರುವಳು, ಸಂಜೆ ಕಣದಲ್ಲಿ ಗೋಡೆಗೆ ಹೊಡೆಯುವಳು. ಈ ಕಥೆ ಕೇಳಿದ ದೊಡ್ಡ ಮನುಷ್ಯರೊಬ್ಬರು ಸಭೆಯೊಂದರಲ್ಲಿ, ಬಡತನವೇ ಈ ಹುಡುಗಿಯ ಗುರು ಎಂದು ಭಾಷಣ ಬಿಗಿದರು. ನನಗೆ ಮೈಯೆಲ್ಲ ಉರಿಯಿತು. ಬಡತನ ಯಾರಿಗೂ ಏನನ್ನೂ ಕಲಿಸುವುದಿಲ್ಲ. ನಮ್ಮ ಯರಗುಪ್ಪಿಯಲ್ಲೇ ನೀಲವ್ವನಿಗಿಂತ ಜೋರಾಗಿ ಓಡುವ ಹುಡುಗಿಯರಿದ್ದರು. ಅವರ ಮನೆಗಳಲ್ಲಿ ಕಣ ಬಿಟ್ಟುಕೊಡುವ ಅಜ್ಜಿಯಾಗಲಿ, ಬಿಟ್ಟುಕೊಡಲು ಕಣವಾಗಲಿ ಇರಲಿಲ್ಲ, ಅಷ್ಟೇ. ಬಡತನ ಅವರಿಗೂ ಸಾಕಷ್ಟಿತ್ತು.

ನಮ್ಮ ಜಿಲ್ಲೆಯಲ್ಲೇ ಮಹಿಳೆಯರ ಅಂತಾರಾಷ್ಟ್ರೀಯ ಟೂರ್ನಮೆಂಟ್ ನಡೆಯುತ್ತದೆಂದು ಸುದ್ದಿ ಬಂದಾಗ ನೀಲವ್ವನಿಗೆ ಕಾಲೇಜು ಮುಗಿಯುತ್ತಿತ್ತು. ವೃತ್ತಿಪರ ಆಟದ ಏಣಿಯಲ್ಲಿ ಅದು ತೀರ ಕೆಳಗಿನ ಮೆಟ್ಟಿಲು. ಆದರೆ ಅಲ್ಲಿ ಮುಖ್ಯ ಸುತ್ತಿನಲ್ಲಿ ಒಂದು ಪಂದ್ಯ ಗೆದ್ದರೆ ರ‍್ಯಾಂಕಿಂಗಿನ ಪಾಯಿಂಟ್ ಸಿಗುತ್ತದೆ, ಪಾಯಿಂಟ್ ಇದ್ದರೆ ಬೇರೆ ಊರುಗಳ ಬಾಗಿಲು ತೆರೆಯುತ್ತವೆ. ಅಣ್ಣ ಊಟಕ್ಕೆ ಕೂತಾಗ ಖಡಾಖಂಡಿತವಾಗಿ ಹೇಳಿದ: “ಇದೊಂದು ಆಡ್ಲಿ. ಗೆದ್ರ ನೋಡೂಣು. ಸೋತ್ರ ಈ ಮುಂಗಾರಿಗೆ ಕಣದಾಗ ಹೆಸರು ಬಿತ್ತೂದು, ಆಕಿ ಬಿ.ಪಿ.ಎಡ್ ಸೇರಿ ಡ್ರಿಲ್ ಟೀಚರ್ ಆಗೂದು.” ಅವನನ್ನು ಕಟುಕನೆಂದುಕೊಳ್ಳಬೇಡಿ. ಆಕೆಯ ಹಿಂದೆ ಓದುವ ಮಕ್ಕಳು ಇನ್ನೂ ಇಬ್ಬರಿದ್ದರು. ನೀಲವ್ವ ರೊಟ್ಟಿ ಮುರಿಯುತ್ತ ಕೂತಳು.

ಅರ್ಹತಾ ಸುತ್ತುಗಳನ್ನು ದಾಟಿ ಆಕೆ ಮುಖ್ಯ ಸುತ್ತಿಗೆ ಬಂದಳು. ಮೊದಲ ಪಂದ್ಯವೇ ಅದಿತಿ ಎಂಬ ಬೆಂಗಳೂರಿನ ಹುಡುಗಿಯೊಂದಿಗೆ. ಆಕೆಯ ತಂದೆಗೆ ಹೋಟೆಲುಗಳಿದ್ದವು. ಸಂಘಟಕರು ತಮಗೆ ಬೇಕಾದವರಿಗೆ ಕೊಡುವ ನೇರ ಪ್ರವೇಶದಲ್ಲಿ ಆಕೆ ಬಂದಿದ್ದಳು. ಸಿಟ್ಟು ಮಾಡಿಕೊಳ್ಳಬೇಕೆಂದು ಮನೆಯಿಂದಲೇ ಸಿದ್ಧನಾಗಿ ಹೋಗಿದ್ದೆ. ಹುಡುಗಿ ಎದುರಿಗೆ ಬಂದು “ನಮಸ್ಕಾರ ಅಂಕಲ್” ಎಂದು ಕೈಮುಗಿದು ನನ್ನ ಸಿದ್ಧತೆಯನ್ನೆಲ್ಲ ಹಾಳುಮಾಡಿದಳು. ಅವಳ ಅಂಗೈ ನೋಡಿದೆ. ಕಳೆ ತೆಗೆಯುವವರ ಕೈಯಂತೆ ಗಟ್ಟಿಯಾಗಿ ಜಡ್ಡುಗಟ್ಟಿತ್ತು. ಅವಳ ತಂದೆಯೂ ಸಂಭಾವಿತರು. ಚಹಾ ಕುಡಿಯುತ್ತ, “ನೋಡಿ, ಎಷ್ಟು ದೇಶ ಸುತ್ತಿ ಬಂದ್ಲು, ಎಲ್ಲ ಕಡೆ ಸೋತ್ಲು. ಪರವಾಗಿಲ್ಲ, ಈ ವರ್ಷ ಬರೀ ಕಲಿಯೋಕೆ ಅಂತ ಬಿಟ್ಟಿದೀವಿ” ಎಂದರು. ನಾನು ಚಹಾದ ಕಪ್ಪು ಕೆಳಗಿಟ್ಟೆ. ದುಡ್ಡಿನಿಂದ ಒಳ್ಳೆಯ ಬೂಟು, ಒಳ್ಳೆಯ ಕೋಚ್ ಬರುತ್ತದೆಂದು ಅಷ್ಟು ದಿನ ತಿಳಿದಿದ್ದೆ. ಅಸಲಿಗೆ ದುಡ್ಡಿನಿಂದ ಬರುವುದು ಸೋಲುವ ಅನುಕೂಲ. ಆ ಹುಡುಗಿ ಒಂದಿಡೀ ವರ್ಷ ಸೋಲಬಹುದಿತ್ತು. ನಮ್ಮ ಹುಡುಗಿಗೆ ಒಂದು ಮಧ್ಯಾಹ್ನವೂ ಇರಲಿಲ್ಲ.

ಕೋಚ್ ಸಾಹೇಬರಿಗೆ ಆ ವಾರವೇ ಕಣ್ಣಿನ ಆಪರೇಶನ್. ಹಾಗಾಗಿ ಕೋಚಿನ ಕುರ್ಚಿಯಲ್ಲಿ ನಾನು. ಟೆನಿಸ್ಸಿನ ಲೆಕ್ಕದಲ್ಲಿ ಹದಿನೈದು, ಮೂವತ್ತು ಆದ ಮೇಲೆ ನಲವತ್ತೈದರ ಬದಲು ನಲವತ್ತು ಯಾಕೆ ಬರುತ್ತದೆಂದು ವ್ಯಾಪಾರಿಯಾದ ನನಗೆ ಇಂದಿಗೂ ಸಮಾಧಾನವಿಲ್ಲ. ಅಂಥವನು ಕೋಚ್. ನೀಲವ್ವ ಮೊದಲೇ ಹೇಳಿಬಿಟ್ಟಿದ್ದಳು: “ಕಾಕಾ, ನೀ ಟೋಪಿಗಿ ಹಾಕ್ಕೊಂಡು ಸುಮ್ನ ಕುಂದರು. ಏನೂ ಹೇಳಾಕ ಹೋಗಬ್ಯಾಡ.” ಅವ್ವನೂ ಬಂದಿದ್ದಳು. ಮೊಮ್ಮಗಳು ಆಡುವ ನೆಲ ಅವಳಿಗೆ ಕಣವೇ. ಗ್ಯಾಲರಿಯ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟಳು, ಅವಳನ್ನು ನೋಡಿ ನಾನೂ ಬಿಟ್ಟೆ. ನಮ್ಮಿಬ್ಬರ ಚಪ್ಪಲಿ ನೋಡಿ ಹಿಂದೆ ಬಂದವರೆಲ್ಲ ಬಿಟ್ಟರು. ಅದಿತಿಯ ಕಡೆಯ ಒಬ್ಬರಂತೂ ಬೆಳ್ಳನೆಯ ಬೂಟಿನ ಲಾಡಿ ಬಿಚ್ಚಿ ಸಾಲಿನಲ್ಲಿಟ್ಟು, ಕಾದ ಸಿಮೆಂಟಿನ ಮೇಲೆ ತುದಿಗಾಲಲ್ಲಿ ಕುಣಿಯುತ್ತ ಒಳಗೆ ಬಂದರು.

“ಆ ಹುಡುಗಿ ಹಿಂದ ಇಷ್ಟ್ ಮಂದಿ ಯಾಕ ಬಂದಾರ?” ಎಂದು ಅವ್ವ ಕೇಳಿದಳು.

“ಒಬ್ರು ಆಟ ಕಲಸ್ತಾರ, ಒಬ್ರು ಕಾಲು ತಿಕ್ಕತಾರ, ಇನ್ನೊಬ್ರು ಏನ್ ತಿನ್ನಬೇಕಂತ ಹೇಳ್ತಾರ.”

“ಹಸಿದ್ರ ತಿನ್ನೂದು. ಅದನ್ನ ಹೇಳಾಕ ಒಬ್ಬಾಂವ ಬೇಕಾ?” ಅವ್ವನ ದನಿ ಸಣ್ಣದಲ್ಲ. ಅಂಪೈರ್ ನಮ್ಮ ಕಡೆ ತಿರುಗಿ ನೋಡಿದರು.

ಮೊದಲ ಸೆಟ್ ಹೋಯಿತು. ನೀಲವ್ವ ನೀಲವ್ವನಂತೆ ಆಡುತ್ತಲೇ ಇರಲಿಲ್ಲ. ಹಿಂದೆ ನಿಂತು, ಒಂದೊಂದು ಚೆಂಡನ್ನೂ ಹುಷಾರಾಗಿ ಆಚೆ ದಾಟಿಸುತ್ತಿದ್ದಳು. ಕೈಯಲ್ಲಿ ತುಂಬಿದ ಹಾಲಿನ ಪಾತ್ರೆ ಹಿಡಿದವಳ ನಡಿಗೆ ಅದು. ಎದುರಿನ ಹುಡುಗಿ ಹೆದರಿಕೆಯಿಲ್ಲದೆ ಬೀಸಿ ಹೊಡೆಯುತ್ತಿದ್ದಳು. ಹೆದರಿಕೆ ಯಾಕಿರಬೇಕು ಹೇಳಿ?

ಸೆಟ್ ಮುಗಿದಾಗ ನೀಲವ್ವ ನಮ್ಮ ಕೆಳಗಿನ ಬೆಂಚಿಗೆ ಬಂದು ಕೂತು ತಲೆಯ ಮೇಲೆ ಟವೆಲ್ ಹಾಕಿಕೊಂಡಳು. ಈಗಿನ ನಿಯಮದ ಪ್ರಕಾರ ಕೋಚ್ ಆದವನು ಕೂತಲ್ಲಿಂದಲೇ ಏನಾದರೂ ಹೇಳಬಹುದು. ಕೋಚ್ ಟೋಪಿ ಸರಿಮಾಡಿಕೊಂಡ. ಅವ್ವ ಮುಂದಕ್ಕೆ ಬಾಗಿ, ಎಮ್ಮೆಗೆ ಹುಲ್ಲು ಹಾಕಿದೆಯೋ ಎಂದು ಕೇಳುವಷ್ಟೇ ಸಹಜವಾಗಿ, “ನೀಲವ್ವಾ, ನೀ ಸೋಲು, ಗೆಲ್ಲು, ಕಣ ನಾ ಬಿತ್ತಾಕ ಕೊಡಂಗಿಲ್ಲ. ಮುಂದಿನ ವರ್ಷಾನೂ ಕೊಡಂಗಿಲ್ಲ” ಎಂದಳು.

ಟವೆಲ್ ಸರಿಯಿತು. ಹುಡುಗಿ ಮೇಲೆ ನೋಡಿ, “ಅಪ್ಪ ಸಿಟ್ಟಾಗ್ತಾನ ಆಯಿ” ಎಂದಳು.

“ಆಗ್ಲಿ. ಹೊಲ ನನ್ನ ಹೆಸರಿಲೆ ಐತಿ.”

ಆಮೇಲೆ ನಡೆದದ್ದನ್ನು ನಾನು ಹೇಗೆ ಹೇಳಲಿ? ಎದ್ದು ಹೋದವಳು ಬೇರೆಯೇ ಹುಡುಗಿ. ಸರ್ವ್ ಮಾಡಿದವಳೇ ಮುಂದೆ ನುಗ್ಗಿದಳು, ನೆಟ್ಟಿನ ಬಳಿ ನಿಂತು ಚೆಂಡನ್ನು ಗಾಳಿಯಲ್ಲೇ ಹಿಡಿದು ಹೊಡೆದಳು. ಕೆಲವು ಹೊಡೆತ ಬೇಲಿಗೆ ಹೋದವು, ಆಕೆ ನಕ್ಕು ಮತ್ತೆ ಮುಂದೆಯೇ ಬಂದಳು. ಅದಿತಿಗೆ ಯಾವ ಕೋಚೂ ಇಂಥ ಆಟವನ್ನು ತೋರಿಸಿರಲಿಲ್ಲ. ಎರಡನೇ ಸೆಟ್ ನಮ್ಮದಾಯಿತು. ಮೂರನೆಯದು ಹಗ್ಗಜಗ್ಗಾಟ, ಆ ಹುಡುಗಿಯೂ ಸುಮ್ಮನೆ ಬಿಡುವವಳಲ್ಲ. ಕೊನೆಯ ಚೆಂಡು ನೆಟ್ಟಿನ ಆಚೆ ಮೆತ್ತಗೆ ಬಿದ್ದು ಮತ್ತೆ ಏಳದೆ ಹೋದಾಗ ನಾನು ಟೋಪಿ ಎಸೆದೆ, ಬರಿಗಾಲಲ್ಲಿ ಕುಣಿದೆ, ಅತ್ತೆ. ನನ್ನ ಜನ್ಮದಲ್ಲಿ ಅಷ್ಟು ಖುಷಿ ಮತ್ತೆಂದೂ ಆಗಿಲ್ಲ, ನನ್ನ ಮದುವೆಯನ್ನೂ ಸೇರಿಸಿ ಹೇಳುತ್ತಿದ್ದೇನೆ. ಅದಿತಿ ನೆಟ್ ದಾಟಿ ಬಂದು ನೀಲವ್ವನನ್ನು ಅಪ್ಪಿಕೊಂಡಳು. ಅಣ್ಣನಿಗೆ ಫೋನ್ ಮಾಡಿದೆ. ಅವನು ಮೂಗು ಎಳೆದುಕೊಂಡು, “ಹಂಗಾರ ಹೆಸರು ಬ್ಯಾರೆ ಕಡೆ ಬಿತ್ತೂಣು ಬಿಡು” ಎಂದ.

ಒಂದು ಪಾಯಿಂಟಿನಿಂದ ಯಾರೂ ಶ್ರೀಮಂತರಾಗುವುದಿಲ್ಲ. ಆದರೆ ಅದರ ಬೆನ್ನಿಗೆ ಇನ್ನಷ್ಟು ಪಾಯಿಂಟುಗಳು ಬಂದವು, ಕ್ರೀಡಾ ಕೋಟಾದಲ್ಲಿ ನೌಕರಿಯಾಯಿತು, ಪ್ರಯಾಣದ ಖರ್ಚು ನೋಡಿಕೊಳ್ಳುವವರೊಬ್ಬರು ಸಿಕ್ಕರು. ಯರಗುಪ್ಪಿಯ ಇತರ ಹುಡುಗಿಯರೂ ಕಣಕ್ಕೆ ಇಳಿದಿದ್ದಾರೆ. ಈ ಡಬ್ಬಿಗಳು ಅವರಿಗಾಗಿಯೇ.

ಇವತ್ತು ಬೆಳಿಗ್ಗೆ ಆ ಡಬ್ಬಿ ಮುಚ್ಚಿಟ್ಟು ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದೆನಷ್ಟೆ, ಫೋನ್ ಬಂತು. ಯಾವುದೋ ದೂರದೇಶದ ಊರಿನಿಂದ ನೀಲವ್ವ.

“ಸೋತ್ನಿ ಕಾಕಾ. ಎರಡ ಸೆಟ್ಟಿನಾಗ. ಅಗದಿ ಚಲೋ ಆಡಿದ್ಲು ಆಕಿ.”

“ಮತ್ತ?”

“ಮತ್ತೇನು, ಮುಂದಿನ ವಾರ ಬ್ಯಾರೆ ಊರು, ಬ್ಯಾರೆ ಹುಡುಗಿ. ಊಟ ಮಾಡಾಕ ಹೊಂಟೀನಿ, ಇಡ್ಲಾ?” ದನಿಯಲ್ಲಿ ಹೆದರಿಕೆಯ ಸುಳಿವೇ ಇರಲಿಲ್ಲ.

ಫೋನ್ ಇಟ್ಟವನೇ ಎದುರಿನ ಅಂಗಡಿಯಿಂದ ಗಿರ್ಮಿಟ್, ಮಿರ್ಚಿ ಭಜಿ ತರಿಸಿದೆ, ಅಂಗಡಿಯಲ್ಲಿದ್ದ ಎಲ್ಲರಿಗೂ. ಬೀಜ ಒಯ್ಯಲು ಬಂದ ರೈತರೊಬ್ಬರು ಪೊಟ್ಟಣ ಕೈಗೆ ತೆಗೆದುಕೊಂಡು, “ಮಗಳು ಗೆದ್ದಳೇನ್ರಿ ಸಾವಕಾರ್ರ?” ಎಂದು ಕೇಳಿದರು.

“ಇಲ್ರಿ, ಸೋತಾಳ,” ಎಂದೆ. “ತಿನ್ರಿ.”