ಕೆರೆಯಮ್ಮನ ಮಡುವಿಗೆ ಬಲೆ

ಮಾಕವಳ್ಳಿಯಾಚೆಯ ಕೆರೆಯಲ್ಲಿ, ತೂಬಿನ ಹತ್ತಿರ ಆಳವಾದ ಒಂದು ಮಡು. ಅದರ ಮೀನು ಕೆರೆಯಮ್ಮನವು, ಯಾರೂ ಮುಟ್ಟುವಂತಿಲ್ಲ. ಕಾಯುವ ಕೆಲಸ ತಲೆತಲಾಂತರದಿಂದ ಮುದ್ದಯ್ಯನ ಮನೆಯದು. ಗಾಳ ಹಿಡಿದು ಬಂದ ಸ್ವಂತ ಭಾವಮೈದನನ್ನೇ ಏರಿಯುದ್ದಕ್ಕೂ ಅಟ್ಟಿಸಿಕೊಂಡು ಹೋದ ಮನುಷ್ಯ ಅವನು. ಆ ಮೀನೆಂದರೆ ಅವನಿಗೆ ಪಂಚಪ್ರಾಣ.

ಮಗುವಾಗಲಿ, ಜ್ವರ ಇಳಿಯಲಿ ಎಂದು ಜನ ಹರಕೆ ಹೊತ್ತು, ಬತ್ತುವ ಕಟ್ಟೆಗಳಿಂದ ಬಿಂದಿಗೆಯಲ್ಲಿ ಮೀನು ತಂದು ಮಡುವಿಗೆ ಬಿಡುತ್ತಿದ್ದರು. ತೊಂಬತ್ತಾರರ ಬೇಸಿಗೆಯಲ್ಲಿ ಕೆರೆ ಇಂಗಿತು. ದಡದ ನೀರು ಸ್ನಾನದ ಹಂಡೆಯ ಹಾಗೆ ಕಾಯತೊಡಗಿತು. ತಂಪು ಉಳಿದದ್ದು ಮಡುವಿನ ತಳದಲ್ಲಿ ಮಾತ್ರ, ಮೀನೆಲ್ಲ ಅಲ್ಲಿಗೇ ನುಗ್ಗಿದವು. ಜಾಗ ಸಿಗದವು ಬಿಸಿನೀರಿಗೆ ಬಂದು, ಬಾಯಿ ಬಿಟ್ಟು ಒದ್ದಾಡಿ ಸತ್ತು ತೇಲಿದವು.

ಅಮ್ಮ ಮುನಿದಳೆಂದು ಊರು ನಡುಗಿತು. ಹೆದರಿದ ಮಹನೀಯರು ಮಾಡಿದ್ದೇನು? ಇನ್ನಷ್ಟು ಮೀನು ತಂದು ಸುರಿದರು!

ಮುದ್ದಯ್ಯ ಮಡುವಿನಲ್ಲಿ ಮುಳುಗಿ ನೋಡಿದ. ಮೀನುಗಳು ಮೈಗೆ ಒತ್ತಿಕೊಂಡವು, ಸರಿದು ನಿಲ್ಲಲೂ ಎಡೆಯಿಲ್ಲ. ಕೆಲವನ್ನು ತೆಗೆಯದಿದ್ದರೆ ಒಂದೂ ಉಳಿಯುವುದಿಲ್ಲವೆಂದು ಅವನಿಗೆ ಖಾತ್ರಿಯಾಯಿತು. ಮೇಲೆ ಬಂದರೆ ಊರಿನ ಪಾರ್ವತಮ್ಮ ಮೀನಿನ ಬಿಂದಿಗೆ ಹೊತ್ತು ನಿಂತಿದ್ದಳು. ಅವಳ ಮಗಳು ಜ್ವರದಿಂದ ಹಾಸಿಗೆ ಹಿಡಿದಿದ್ದಳು.

"ಬ್ಯಾಡ ಕಣವ್ವ, ವಾಪಸ್ ತಕ್ಕೊಂಡೋಗು. ಒಳಗೆ ಜಾಗ ಇಲ್ಲ."

"ಅಮ್ಮನ ಮಡೂಲಿ ಜಾಗ ಇಲ್ವಾ? ತಲೆ ಕೆಟ್ಟದಾ ಮುದ್ದಣ್ಣ? ನನ್ ಮಗಳು ಏಳ್ಬೇಕು!" ಅವಳು ಬಿಂದಿಗೆ ಬಗ್ಗಿಸಿಯೇಬಿಟ್ಟಳು.

ಮುದ್ದಯ್ಯ ಮನೆಗೆ ಹೋಗಿ, ಕಳ್ಳರಿಂದ ಕಿತ್ತುಕೊಂಡಿದ್ದ ಬಲೆ ಹೆಗಲಿಗೆ ಹಾಕಿಕೊಂಡು ಬಂದ. ಸುದ್ದಿ ಹಬ್ಬಿ ಏರಿಯ ಮೇಲೆ ಜನ ನೆರೆದರು. "ಮುಟ್ಬ್ಯಾಡ ಕಣ್ಲಾ, ಕೈ ಬಿದ್ದೋಯ್ತದೆ!" ಎಂದು ಮರಿಯಯ್ಯ ಕೂಗಿದ. ಅವನು ಅಮ್ಮನ ಪೂಜಾರಿ. ಮುದ್ದಯ್ಯನಿಗೂ ಅಮ್ಮನೆಂದರೆ ಭಯವೇ. ಕಣ್ಣು ಮುಚ್ಚಿ ಬಲೆ ಬೀಸಿದ.

ಸಿಕ್ಕಿದ್ದನ್ನೆಲ್ಲ ನೀರು ತುಂಬಿದ ಡ್ರಮ್ಮುಗಳಿಗೆ ಹಾಕಿ, ತನ್ನ ಟ್ರಾಕ್ಟರಿನಲ್ಲಿ ಒಯ್ದು ಹೇಮಾವತಿ ಹೊಳೆಯ ಆಳಕ್ಕೆ ಬಿಟ್ಟು ಬಂದ. ಸಂಜೆಯತನಕ ಅದೇ ಕೆಲಸ. ಒಬ್ಬನೂ ಕೈ ಹಚ್ಚಲಿಲ್ಲ.

ಮರುದಿನ ಮಡುವಿನ ಮೇಲೆ ಒಂದು ಮೀನೂ ಬಾಯಿ ಬಿಟ್ಟು ಒದ್ದಾಡಲಿಲ್ಲ. ಅದನ್ನು ಯಾರು ನೋಡಬೇಕು? ಪಂಚಾಯಿತಿ ಕೂಡಿ, ಇನ್ನು ಮುಂದೆ ಅವನು ತೂಬಿನತ್ತ ಸುಳಿಯಕೂಡದೆಂದು ತೀರ್ಪು ಕೊಟ್ಟಿತು. ದುಃಖ ಒತ್ತರಿಸಿ ಬಂದು ಮುದ್ದಯ್ಯ ಎಲ್ಲರೆದುರೂ ಅತ್ತುಬಿಟ್ಟ. ಆಮೇಲೆ ಕಣ್ಣೊರೆಸಿಕೊಂಡು ಮರಿಯಯ್ಯನಿಗೆ ಕೈ ಮುಗಿದ.

"ಕಾಯೋಕೆ ಯಾರ್ನಾದ್ರೂ ಇಟ್ಕೊಳ್ರಪ್ಪ. ಮಳೆ ಬರೋಗಂಟ ಬಿಂದಿಗೆ ತಂದೋರ್ನ ಮಾತ್ರ ಒಳಕ್ ಬುಡಬ್ಯಾಡಿ."